ಕಟ್ಟಿಟ್ಟ ಸಾಲು

ಗದಗಿನ ನಮ್ಮ ಪ್ರೆಸ್ಸಿನ ಹಿಂದಿನ ಖೋಲಿಯೊಳಗ
ಅಚ್ಚಿನ ಮೊಳೆಯ ಖಾನೆ ಇನ್ನೂ ಅದಾವ.
ಆಫ್‌ಸೆಟ್ ಬಂದು ಇಪ್ಪತ್ತು ವರ್ಷಾತು;
ಸೀಸ ತೂಕಕ್ಕ ಹಾಕಾಕ ಅಪ್ಪಗ ಮನಸ್ಸಾಗಲಿಲ್ಲ.
ಅಲ್ಲೇ, ಆಯಿತವಾರ ಮಧ್ಯಾಹ್ನ,
ಕಾಗದದ ರಿಮ್ಮಿನ ಮ್ಯಾಲೆ ಕುಂತು
ಇಲ್ಲದ ಊರಿಗೆ ಹೋಗತೇವಿ ನಾವು ಐದು ಮಂದಿ.

ಪರದೆ ಇಲ್ಲ, ಪಟ ಇಲ್ಲ. ಒಂದು ನಿಯಮದ ಪುಸ್ತಕ,
ಇಪ್ಪತ್ತು ಮೈಯ ದಾಳ, ಉಳಿದದ್ದೆಲ್ಲ ಬಾಯಿಮಾತು.
ಬೆಟಗೇರಿ ಮಗ್ಗದ ಮನಿಯ ವಿನೋದಸಾ ಅಲ್ಲಿ ಮಂತ್ರವಾದಿ.
ಎಲ್‌ಐಸಿ ಆಫೀಸಿನ ತಬಸ್ಸುಮ್ ಅಲ್ಲಿ ಕಳ್ಳಿ.
ಮುಳಗುಂದ ನಾಕಾದಾಗ ಪಂಕ್ಚರ್ ತಿದ್ದೋ ಈರಣ್ಣ ಸೇನಾಪತಿ.
ಅವನ ತಮ್ಮ ಕಳಕೇಶ, ಏಳನೇತ್ತೆ,
ಬೆನಕ ಅನ್ನೋ ಬಿಲ್ಲುಗಾರ.
ಕತಿ ಹೇಳಾಕ ನಾನು.

ಪುಸ್ತಕದ ಮೊದಲ ಪುಟದಾಗ ಕಂಪನಿ ಬರದಿತ್ತು:
ಈ ಆಟ ನಿಮ್ಮದೂ ಹೌದು. ತಗೋರಿ, ತಿದ್ದರಿ, ಮಾರಿಕೋರಿ,
ನಮ್ಮನ್ನ ಕೇಳೋದು ಬ್ಯಾಡ.
ನಂಬಿದಿವಿ.
ಲಕ್ಕುಂಡಿಯ ನೂರೊಂದು ಬಾವಿಗೆ ನೂರೊಂದು ಭೂತ ಹುಟ್ಟಿಸಿದಿವಿ,
ಮುನ್ನೂರು ಪ್ರತಿ, ನಲವತ್ತು ರೂಪಾಯಿ.
ಕಡೀ ಪುಟ ಮಾತ್ರ ಮೊಳೆಯೊಳಗ ಜೋಡಿಸತೇನಿ ಅಂದ ಅಪ್ಪ.

'ಎಲ್ಲ ಹಕ್ಕು ಕಾಯ್ದಿರಿಸಿದೆ' — ಆ ಸಾಲು
ನಲವತ್ತು ವರ್ಷದಿಂದ ಸುತಳಿ ಬಿಗಿದು ಹಾಂಗ ಕುಂತಿತ್ತು,
ಸಾವಿರ ಪುಸ್ತಕಕ್ಕ ಮೈಯೊಡ್ಡಿ ಮೂಗು ಸವೆಸಿಕೊಂಡು.
'ಬಿಟ್ಟುಕೊಟ್ಟೇವಿ ಅನ್ನೋ ಸಾಲು ಯಾರೂ ಕೇಳಿದ್ದಿಲ್ಲೋ'
ಅಂತ ಒಂದೊಂದೇ ಅಕ್ಷರ ಹುಡುಕಿದ.
ಅಚ್ಚಾದ ಮ್ಯಾಲೆ ಸಾಲು ಒಡದು
ಅಕ್ಷರ ತಮ್ಮ ತಮ್ಮ ಮನಿಗೆ ಹೋದವು.

ಸಂಕ್ರಾಂತಿ ಮುಂದ ಸುದ್ದಿ ಬಂತು.
ಹಳೇ ಕಾಗದ ಇನ್ನ ನಡಿಯಂಗಿಲ್ಲ;
ಗಳಿಕಿಯೊಳಗ ನಾಲ್ಕಾಣೆ ಪಾಲು;
ನಿಮ್ಮ ಭೂತ ಬೇಕಾದರ ಅವೂ ನಮ್ಮವು.

ವಿನೋದಸಾ ಬಿಲ್ಲಿನ ಬೆನ್ನಿಗೆ ಲೆಕ್ಕ ಹಾಕಿದ:
ಮಾರಿದ್ದು ನೂರಿಪ್ಪತ್ತು, ಕಾಗದ, ಶಾಯಿ, ಹೊಲಿಗಿ ಹೋಗಿ
ನುಕಸಾನು ಸಾವಿರದ ಒಂಬೈನೂರು.
'ಒಯ್ಯಲಿ, ಇದರಾಗೂ ನಾಲ್ಕಾಣೆ ಒಯ್ಯಲಿ!'

ತಬಸ್ಸುಮ್ ನಗಲಿಲ್ಲ.
'ನಮ್ಮ ಅಮ್ಮಿ ಮಗ್ಗಲಮನಿಗೆ ಹೆಪ್ಪು ಕೊಡತಾಳ.
ವಾರ ಬಿಟ್ಟು ಹೋಗಿ, ಗಡಿಗಿ ನಂದು ಅಂದರ?
ಯಾವ ಚಮಚಾದಿಂದ ತಗೀತಾರ
ಹೆಪ್ಪನ್ನ ಮೊಸರಿನಿಂದ ಹೊರಗ?'

'ಮಾಲಕರು ಅವರು,' ಅಂದ ಈರಣ್ಣ.
'ಕೊಟ್ಟಾಗ ಶರಣು ಅಂದಿರಿ, ಕಸಗೊಂಡಾಗ ಕಳ್ಳ ಅಂತೀರಿ.'
ಯಾರೂ ಮಾತಾಡಲಿಲ್ಲ ಅವನ ಜೋಡಿ.
ಚಾ ಕುಡೀದ ಎದ್ದು ಹೋದ,
ತನ್ನ ದಾಳ ಅಲ್ಲೇ ಬಿಟ್ಟು.

ಕಳಕೇಶ ಕೇಳಿದ:
'ಬೆನಕ ಬಾವಿಯೊಳಗ ಹಗ್ಗ ಹಿಡದು ಜೋತಾಡಾಕತ್ಯಾನ.
ಕಂಪನಿ ಹಗ್ಗ ಕೊಯ್ದರ?'

ಮೂರು ವಾರ ಆಟ ಇಲ್ಲ.
ಮಾರಿ ಕಾಣದ ದೇಶದೊಳಗ
ನಮ್ಮಂಥವರೇ ಸಾವಿರ ಮಂದಿ ಚಂದಾ ನಿಲ್ಲಿಸಿದರಂತ.
ಕಂಪನಿ ಬಗ್ಗಿತು:
ನಿಮ್ಮ ಮಾತು ಕೇಳಿಸಿತು, ಹಳೇ ಕಾಗದ ಹಾಂಗ ಇರತದ.
ವಿನೋದಸಾ ಗಿರಮಿಟ್ ತಂದು ಹಂಚಿದ.
ತಬಸ್ಸುಮ್ ಮೆಣಸಿನಕಾಯಿ ಕಡಕೋತ ಅಂದಳು:
'ಕೇಳಿಸಿತು ಅಂದಾರ. ತಪ್ಪಾತು ಅಂದಿಲ್ಲ.'

ಎರಡನೇ ಮುದ್ರಣದಾಗ ಆಟದ ಹೆಸರು ತಗದಿವಿ.
ಇಪ್ಪತ್ತು ಮೈಯ ದಾಳದ ಬದಲಿ ಆರು ಕವಡಿ.
ನಿಯಮ ನಮ್ಮವು, ಸೊಟ್ಟ ಪಟ್ಟ.
ಅಪ್ಪನ ಕಣ್ಣು ಮಂಜು; ಕಡೀ ಪುಟ ನಾನೇ ಜೋಡಿಸಿದೆ,
ಒತ್ತಕ್ಷರ ಒಂದು ಕಾಲು ಮುರದಿತ್ತು, ನಡೀತದ:
'ತಗೊಂಡವರದು. ಮರಳಿ ಕೇಳಂಗಿಲ್ಲ, ನಾವೂ.'

ಒಡದು ಖಾನೆಗೆ ಹಾಕು ಅಂದ ಅಪ್ಪ.
ಹಾಕಲಿಲ್ಲ.
ಸುತಳಿ ಬಿಗಿದು ಇಟ್ಟೆ,
ಆ ಮೂಗು ಸವೆದ ಸಾಲಿನ ಮಗ್ಗಲಕ್ಕ.

ಬಾಗಲದಾಗ ಈರಣ್ಣ, ಕೈಗೆಲ್ಲ ಸಲೂಶನ್.
'ನನ್ನ ದಾಳ?'
ಕವಡಿ ಕೊಟ್ಟೆ. ತಿರುವಿ ತಿರುವಿ ನೋಡಿದ.
'ಇನ್ನೂ ಹಗ್ಗದ ಮ್ಯಾಲೇ ಅದಾನೇನು, ಬೆನಕ?'

'ಕೈ ಸೋತಾವಣ್ಣ,' ಅಂದ ಕಳಕೇಶ,
'ಲಗೂನ ಒಗಿ.'