ಒಂದೂವರೆ ಮಾರು

ಮೂರು ಕೊಟೇಶನ್ ಬಂದಿದ್ದವು.
ಬೆಳಗಾವಿಯದು ಅಲ್ಯುಮಿನಿಯಂ, ಹಗುರ, ದುಬಾರಿ;
ಪುಣೆಯದು ಫೈಬರ್, ಆಕಾಶದ ಬಣ್ಣ, ಹದಿನಾಲ್ಕು ಅಡಿ;
ಮೂರನೆಯದು ನಮ್ಮದೇ ಕೋಡಿಬಾಗದ ಮರದ ಮಿಲ್ಲಿನದು,
ಬೀಡಿ ಕಟ್ಟಿನ ಕಾಗದದ ಬೆನ್ನಿಗೆ ಒಂದೇ ಸಾಲು:
ಸಾಗವಾನಿ, ನೀವು ಹೇಳಿದಷ್ಟು ಉದ್ದ.

ಅಧ್ಯಕ್ಷರಿಗೆ ಬೇಕಾದದ್ದು ಎತ್ತರ.
ಕಾಳಿ ಸೇತುವೆ ದಾಟಿ ಬರುವವರಿಗೆ
ಹೈವೇಯಿಂದಲೇ ಕಾಣಬೇಕು ಅಂದರು.
ನಾನು ಖಜಾಂಚಿ, ಬರೆದುಕೊಂಡೆ.

ಕೂರಿಸಲು ಬಂದವ ಪುರ್ಸು ತಾಂಡೇಲ,
ಬೈತಖೋಲದಲ್ಲಿ ಟ್ರಾಲರಿನ ಹೊಟ್ಟೆಗೆ ತೇಪೆ ಹಾಕುವವ.
ಕ್ಯಾಟಲಾಗು ಮುಂದಿಟ್ಟರೆ ತಿರುವಲೂ ಇಲ್ಲ.
ಜೇಬಿನಿಂದ ಸೀಸದ ಗುಂಡು, ಗಂಟು ಗಂಟಿನ ನೂಲು ತೆಗೆದು
ಕೊಳದ ಆಳದ ತುದಿಗೆ ಇಳಿಬಿಟ್ಟ.
ಅಲ್ಲಿ ನೀಲಿ ಟೈಲಿನ ಮೇಲೆ ೧೨ ಅಡಿ ಎಂದು
ನಾವೇ ಬರೆಸಿದ್ದೆವು.
ನೂಲು ಒಂದೂವರೆ ಮಾರಿಗೆ ಸಡಿಲಾಯಿತು.

ಅಧ್ಯಕ್ಷರು ಟೈಲು ತೋರಿಸಿದರು.
ಪುರ್ಸು ಟೈಲನ್ನು ನೋಡಿದ, ಅವರ ತಲೆಯನ್ನೂ ನೋಡಿದ,
ಯಾವುದು ಮೊದಲು ಒಡೆದೀತು ಎಂದು ಲೆಕ್ಕ ಹಾಕುವವನಂತೆ.
"ಸಮುದ್ರದಲ್ಲಾದರೆ ಕೆಳಗೆ ಮರಳಿರ್ತದೆ ಸಾಹೇಬ್ರೆ.
ಇಲ್ಲಿ ಸಿಮೆಂಟು."

ಹಾಗಾಗಿ ಸಾಗವಾನಿ. ಎಂಟೇ ಅಡಿ.
ನೀರಿನಿಂದ ಬರೀ ಒಂದೂವರೆ ಮೊಳ ಮೇಲೆ.
ಹೈವೇ ಬಿಡಿ, ನಮ್ಮ ಗೇಟಿಗೂ ಕಾಣದು.

ಕಾಂಕ್ರೀಟಿಗೆ ಗೋಣಿ ಹೊದಿಸಿ ಏಳು ದಿನ ನೀರುಣಿಸಿದ,
ಅಷ್ಟು ದೊಡ್ಡ ಕೊಳದ ಪಕ್ಕ ಕೂತು, ಕೊಡದಲ್ಲಿ.
ಉಪ್ಪುಗಾಳಿಗೆ ತುಕ್ಕು ಹಿಡಿಯದ ಬೋಲ್ಟೇ ಬೇಕೆಂದ;
ಹಲಗೆಗಿಂತ ಬೋಲ್ಟೇ ಹೆಚ್ಚಾಯಿತೆಂದು ನಾನು ಜಗಳಕ್ಕೆ ಬಿದ್ದೆ.
ನಡುವಿನ ಆನಿಕೆಗೆ ದೋಣಿಯ ಪಕ್ಕೆಯ ಟೈರಿನ ತುಂಡು.
ಹಸಿ ವಾರ್ನಿಶಿನ ಮೇಲೆ, ಕಾಲು ಜಾರದ ಹಾಗೆ,
ಜರಡಿ ಹಿಡಿದ ದೇವಬಾಗದ ಮರಳು.
ತುದಿಯನ್ನು ಮಾತ್ರ ಒಂದು ಬೆರಳು ಮೇಲೆತ್ತಿ ಬಿಟ್ಟ.
ಸೊಟ್ಟ ಅಂದೆ.
"ಭಾರ ಬರಲಿ, ಮಟ್ಟಸ ಆಗ್ತದೆ."

ಉದ್ಘಾಟನೆಯ ಹಿಂದಿನ ಸಂಜೆ
ಪರೀಕ್ಷೆಗೆ ಎಂಬತ್ತು ಕಿಲೋ ಬೇಕು ಎಂದು
ನನ್ನನ್ನೇ ನೋಡಿದ.
ನಾನು ಎಂಬತ್ತಮೂರು. ಹುಟ್ಟಿದ್ದು ಇದೇ ಕಾರವಾರ,
ಐವತ್ತೊಂದು ವರ್ಷದಲ್ಲಿ ಕಡಲು ನನಗೆ ಮೊಣಕಾಲಿನಷ್ಟೇ ಆಳ.

ಚಪ್ಪಲಿ ಬಿಟ್ಟು ಹತ್ತಿದೆ.
ಅಂಗಾಲಿಗೆ ಮರಳು ಚುಚ್ಚಿತು.
ತುದಿಗೆ ಬಂದಾಗ ಹಲಗೆ ಬಾಗಿತು, ನಿಂತಿತು,
ಮಟ್ಟಸ.
ಕೆಳಗೆ ಸಂಜೆಯ ನೀರಲ್ಲಿ ನನ್ನದೇ ಹೊಟ್ಟೆ ಅಲುಗುತ್ತಿತ್ತು.

"ಆಯ್ತು, ಇಳೀರಿ" ಅಂದ ಪುರ್ಸು.
ಯಾವ ಕಡೆಗೆ ಅನ್ನಲಿಲ್ಲ.

ಜೇಬಿನಿಂದ ಬೋಲ್ಟಿನ ಬಿಲ್ಲು ತೆಗೆದು ಹಲಗೆಯ ಮೇಲಿಟ್ಟೆ.
ಅದು ಹಾರದಿರಲೆಂದು, ಮೇಲೆ ಕನ್ನಡಕ.