ಮೊಟ್ಟೆ ಲೆಕ್ಕ

ಆರು ವಾರ ಬೇಕು ಅಂದೆ.
ಕಾರ್ಯದರ್ಶಿ ಮಲ್ಲೇಶಪ್ಪ ಮೊಟ್ಟೆ, ಬಾಳೆಹಣ್ಣಿನ ಲೆಕ್ಕ ತೆಗೆದು
“ಮೂರು ಸಾಕಲ್ವಾ ಮಾಸ್ಟ್ರೇ?” ಅಂದರು.

ಬ್ಯಾಟು ಹಿಡಿಯೋರಿಗೆ ಸಾಕು.
ಹತ್ತನೇ ದಿನಕ್ಕೇ ಚೆಂಡಿನ ಮೇಲೆ ಕಣ್ಣು ಕೂರುತ್ತೆ,
ಇಪ್ಪತ್ತಕ್ಕೆ ಆಕಳಿಕೆ.
ನಿಸಾರನ ಭುಜ ಹಾಗಲ್ಲ;
ಅರಸೀಕೆರೆ ಯಾರ್ಡಿನಲ್ಲಿ ಗೂಡ್ಸು ಹೊರಡುವಾಗ ನೋಡಿ,
ಒಂದೊಂದೇ ಕೊಂಡಿ ಬಿಗಿದು, ಸದ್ದು ಹಿಂದಕ್ಕೆ ಹಿಂದಕ್ಕೆ ಹೋಗಿ,
ಕೊನೆಯ ಡಬ್ಬಿ ಕದಲುವಷ್ಟರಲ್ಲಿ
ಗೇಟಿನಲ್ಲಿ ನಿಂತವರು ಬೈದು ಮುಗಿಸಿರುತ್ತಾರೆ.

ಹೋದ ವರ್ಷ ಅವಸರ ಮಾಡಿದೆವು.
ಮೊದಲ ಪಂದ್ಯದ ನಾಲ್ಕನೇ ಓವರು,
ನಾರಿನ ಮ್ಯಾಟಿನ ಮೇಲೆ ತೋಳು ಹಿಡಿದು ಕೂತ.

ಇವತ್ತು ಹತ್ತೊಂಬತ್ತನೇ ಬೆಳಿಗ್ಗೆ.
“ಪೂರಾ ಜೋರು ಹಾಕ್ಲಾ ಸಾರ್?” ಅನ್ನುತ್ತಲೇ
ಟೀ ಲೋಟಕ್ಕೆ ಎಡಗೈ ಚಾಚಿದ.
ನೋಡದವನಂತೆ
ಇನ್ನು ಮೂರು ವಾರ ಬರೆದುಕೊಂಡೆ,
ಮೊಟ್ಟೆ ನನ್ನ ಲೆಕ್ಕಕ್ಕೆ.