ಪುರಾವೆ ಮೂವತ್ತೊಂದು

ಡೆನ್ವರಿನಲ್ಲಿ, ಹಲ್ಲಿನ ಡಾಕ್ಟರರ ಮಹಡಿ ಮೇಲೆ
ನಮ್ಮ ವಕೀಲರ ಕಚೇರಿ.
ಹತ್ತೊಂಬತ್ತು ವರ್ಷದಿಂದ ಇಲ್ಲಿ ಕಾಗದಕ್ಕೆ ತೂತು ಹೊಡೆಯುತ್ತೇನೆ,
ಬಣ್ಣದ ಚೀಟಿ ಅಂಟಿಸುತ್ತೇನೆ,
ಬೇರೆಯವರ ಬಾಳಿಗೆ ಕ್ರಮಸಂಖ್ಯೆ ಹಾಕುತ್ತೇನೆ.

ಸರಂಗೆರೆಲ್ ಬಂದದ್ದು ಮಾರ್ಚಿನಲ್ಲಿ, ಬೂಟಿನ ತುಂಬ ಹಿಮದ ಕೆಸರು.
ಮೊದಲ ಪುಟದ ಮೊದಲ ಚೌಕದಲ್ಲೇ ನಿಂತುಬಿಟ್ಟಳು:
ಕುಟುಂಬದ ಹೆಸರು.
"ನಮ್ಮಲ್ಲಿ ಹಾಗಿಲ್ಲ," ಎಂದಳು. "ನಾನು ಸರಂಗೆರೆಲ್.
ಅಪ್ಪ ದೋರ್ಜ್‌ಸುರೆನ್. ಅಷ್ಟೇ."
ಚೌಕ ಖಾಲಿ ಬಿಡುವಂತಿಲ್ಲ.
ಅಪ್ಪನನ್ನೇ ತುಂಬಿದೆ.

ಕೆಲಸವೇನೆಂದು ಕೇಳಿದೆ.
ಹುಡುಗಿಯರು ಹೇಗೆ ನೆಗೆಯುತ್ತಾರೆಂದಲ್ಲ,
ಹೇಗೆ ಇಳಿಯುತ್ತಾರೆಂದು ನೋಡುವುದು.
ಹದಿನಾರರ ಹುಡುಗಿ, ಚೆಂಡು ಬುಟ್ಟಿಗೆ ಹಾಕಿ ನೆಲಕ್ಕೆ ಬರುವಾಗ
ಮಂಡಿ ಒಳಕ್ಕೆ ವಾಲುತ್ತದೆ, ಎರಡು ಬೆರಳಿನಷ್ಟು.
ಟಪ್.
ಆಟ ನೋಡುತ್ತಿದ್ದವರಿಗೂ ಕೇಳುತ್ತದಂತೆ.
ಆಮೇಲೆ ಒಂಬತ್ತು ತಿಂಗಳು.
"ಅಷ್ಟರಲ್ಲಿ ಮಗುವೇ ಆಗುತ್ತಲ್ಲ," ಎಂದೆ.
ನಕ್ಕಳು. ಅವಳು ನಕ್ಕದ್ದು ನಾನು ಕಂಡದ್ದು ಅದೊಂದೇ ಸಲ.

ಆಮೇಲೆ ಶುರು, ಸರ್ಕಾರಕ್ಕೆ ತಿಳಿಯುವ ಭಾಷೆ.
ಅಸಾಧಾರಣ: ಹದಿನೇಳು ಸಲ.
ಈಕೆಯಿಲ್ಲದೆ ದೇಶಕ್ಕೆ ನಷ್ಟ: ನಾಲ್ಕು ಪ್ರೊಫೆಸರರ ಸಹಿಯಲ್ಲಿ,
ಅವರಲ್ಲಿಬ್ಬರು ಇವಳ ಮುಖ ಕಂಡವರಲ್ಲ.
ಕರಡು ಓದಿ ಅವಳ ಕಿವಿ ಕೆಂಪಾಯಿತು.
"ಕುದುರೆ ಮಾರುವವನು ಮಾತಾಡಿದ ಹಾಗಿದೆ."
ಹೌದಮ್ಮ, ಎಂದೆ. ಹಲ್ಲು ತೋರಿಸು.

ಕೊನೆಯ ದಿನ ಚೀಲದಿಂದ ಒಂದು ಫೋಟೋ ತೆಗೆದಳು.
ಎರಡು ಕೈ. ಬರೀ ಕೈ. ಉಗುರಲ್ಲಿ ಕುರಿಯ ಜಿಡ್ಡು,
ನಡುವೆ ಯಾರೋ ಜಟ್ಟಿಯ ಕಾಲು.
ಅಪ್ಪನವು. ಮೂಳೆ ಕೂಡಿಸುವವನು.
ಕುದುರೆಯಿಂದ ಬಿದ್ದವರು, ಕುಸ್ತಿಯಲ್ಲಿ ಉಳುಕಿದವರು
ಎರಡು ದಿನ ನಡೆದು ಬರುತ್ತಿದ್ದರಂತೆ ಅವನ ಡೇರೆಗೆ.
ಕಣ್ಣು ಮುಚ್ಚಿ ಹಿಡಿಯುತ್ತಿದ್ದನಂತೆ:
"ಸುಮ್ಮನಿರು. ಮಂಡಿ ಹೇಳಲಿ."
"ನಾನು ಕಲಿತದ್ದು ಅಲ್ಲಿ," ಎಂದಳು. "ಕ್ಯಾಮೆರಾ, ಕಂಪ್ಯೂಟರು ಆಮೇಲೆ.
ಇದನ್ನೂ ಸೇರಿಸಿ."

ಸೇರಿಸಿದೆ. ಪುರಾವೆ ಮೂವತ್ತೊಂದು.
ವಕೀಲ ಹ್ಯಾಲ್ವರ್ಸನ್ ತೆಗೆಸಿದ. ಇದು ನಮ್ಮನ್ನೇ ಕೆಡಿಸುತ್ತದೆ ಎಂದ.
ಅವನು ಹೇಳಿದ್ದು ಸರಿ. ಯಾವಾಗಲೂ ಸರಿ,
ಅದಕ್ಕೇ ಅವನ ಪಕ್ಕ ಯಾರೂ ಊಟಕ್ಕೆ ಕೂರುವುದಿಲ್ಲ.
ಫೋಟೋ ತೆಗೆದೆ. ಸಂಖ್ಯೆ ತಿದ್ದಲಿಲ್ಲ.
ಮೂವತ್ತಕ್ಕೂ ಮೂವತ್ತೆರಡಕ್ಕೂ ನಡುವೆ
ಹಳದಿ ಚೀಟಿ ಹೊತ್ತ ಒಂದು ಬಿಳಿ ಹಾಳೆ.
ಮರೆತೆನೋ, ಬೇಕೆಂದೇ ಬಿಟ್ಟೆನೋ, ಈಗ ಹೇಳಲಾರೆ.
ಆರುನೂರ ಹನ್ನೆರಡು ಪುಟ.
ಅಂಚೆಯಲ್ಲಿ ತೂಗಿದರೆ ಆರೂವರೆ ಪೌಂಡು.

ಹನ್ನೊಂದು ತಿಂಗಳು.
ನಡುವೆ, ಬೇಸಗೆಯಲ್ಲಿ, ಅಪ್ಪ ತೀರಿಕೊಂಡ.
ಹೋಗಲಿಲ್ಲ. ಹೋದರೆ ಮತ್ತೆ ಒಳಗೆ ಬಿಟ್ಟಾರೆಂಬ ಖಾತ್ರಿಯಿರಲಿಲ್ಲ.
ಫೋನಿನಲ್ಲಿ ಕೇಳಿದ್ದು ಒಂದೇ:
"ಇದರಿಂದ ಅರ್ಜಿಗೇನಾದರೂ ತೊಂದರೆಯೇ?"
ಇಲ್ಲ ಎಂದೆ.
ಇಟ್ಟಳು.

ಒಪ್ಪಿಗೆ ಬಂದದ್ದು ಒಂದು ಗುರುವಾರ, ಒಂದೇ ಹಾಳೆ.
ಪ್ರಿಯ ದೋರ್ಜ್‌ಸುರೆನ್, ಹಾಗೆಂದೇ ಶುರು.
ತಮ್ಮ ಕೆಲಸ ಈ ದೇಶದ ಹಿತಕ್ಕೆ ಬೇಕಾದದ್ದೆಂದು ಒಪ್ಪಲಾಗಿದೆ.
ನಿಂತೇ ಓದಿದಳು. ಮತ್ತೆ ಓದಿದಳು,
ಹೆಸರಿನ ಮೇಲೆ ಹೆಬ್ಬೆರಳಿಟ್ಟು,
ಊತವಿದೆಯೇ ಎಂದು ಒತ್ತಿ ನೋಡುವ ಹಾಗೆ.
ಇದು ಅರ್ಧ ದಾರಿ, ಹಸಿರು ಕಾರ್ಡಿಗೆ ಇನ್ನೊಂದು ಸಾಲು ಕಾಯಬೇಕು
ಎಂದು ನಾನು ಹೇಳಬೇಕಿತ್ತು. ಹೇಳಿದೆ ಕೂಡ.
ಕೇಳಿಸಿತೋ ಇಲ್ಲವೋ.

ಬೀದಿವರೆಗೆ ಬಿಡಲು ಜೊತೆಗೆ ಹೊರಟೆ.
ನಾಲ್ಕು ಮೆಟ್ಟಿಲು ಇಳಿದಿರಬೇಕು, ತಡೆದಳು.
"ಪ್ರತಿ ಸಲವೂ ಬಲಗಾಲೇ ಮೊದಲು ಇಳಿಸುತ್ತೀರಿ. ಎಷ್ಟು ದಿನದಿಂದ?"
ದಿನವಲ್ಲ, ಇಪ್ಪತ್ತು ವರ್ಷ. ನಾನು ಯಾರಿಗೂ ಹೇಳಿರಲಿಲ್ಲ,
ಯಾರೂ ಕೇಳಿರಲಿಲ್ಲ.
ಪತ್ರವನ್ನು ಕಂಕುಳಿಗೆ ಸಿಕ್ಕಿಸಿ
ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿದಳು ನನ್ನನ್ನು.
ಎರಡೂ ಕೈಯಲ್ಲಿ ಮಂಡಿ ಹಿಡಿದಳು. ತಣ್ಣನೆ ಕೈ.
ಕಣ್ಣು ಮುಚ್ಚಿದಳು.
ಮೇಲಿಂದ ಹ್ಯಾಲ್ವರ್ಸನ್ ಏನೋ ಕೂಗಿದ, ನಾನು ಉತ್ತರಿಸಹೊರಟೆ.
"ಸುಮ್ಮನಿರಿ," ಎಂದಳು.